ಎಳೆಯುವ ಮೊದಲು: ಕೆಟ್ಟು ನಿಂತ ಗಾಡಿಯನ್ನು ಎತ್ತಿ ತರುವ ಕ್ರಮ

ಫೋನ್ ಬಂದ ಕೂಡಲೇ ಟೋಯಿಂಗ್ ಗಾಡಿ ಹತ್ತಬೇಡಿ. ಯಾರಿಗಾದರೂ ಪೆಟ್ಟಾಗಿದೆಯೇ ಎಂಬುದು ಮೊದಲ ಪ್ರಶ್ನೆ. ಆಮೇಲೆ ಗಾಡಿ ರಸ್ತೆಯ ಮೇಲಿದೆಯೋ ಹಳ್ಳಕ್ಕಿಳಿದಿದೆಯೋ, ನಾಲ್ಕೂ ಚಕ್ರ ಉರುಳುತ್ತವೆಯೋ, ಕೀ ಕೈಯಲ್ಲಿದೆಯೋ, ಗೇರ್ ಮ್ಯಾನ್ಯುವಲ್ಲೋ ಆಟೋಮ್ಯಾಟಿಕ್ಕೋ ಕೇಳಿ. ಕರೆ ಮಾಡಿದವರು ಗಾಬರಿಯಲ್ಲಿರುತ್ತಾರೆ, ಒಂದೊಂದಾಗಿ ನಿಧಾನಕ್ಕೆ ಕೇಳಬೇಕು. ಫೋನ್ ಇಡುವ ಮುಂಚೆ ಎಲ್ಲರನ್ನೂ ರಸ್ತೆಯಿಂದ ದೂರ ಸರಿದು ನಿಲ್ಲಲು ಹೇಳಿ. ಕೆಟ್ಟ ಗಾಡಿಯ ಹಿಂದೆ ನಿಂತು ಕೈ ಬೀಸುವುದು ಎಲ್ಲಕ್ಕಿಂತ ಅಪಾಯ.

ಕೀ ತಿರುಗಿಸಿದರೆ ಟಕಟಕ ಸದ್ದಷ್ಟೇ ಬರುತ್ತಿದ್ದರೆ ಬಹುಪಾಲು ಬ್ಯಾಟರಿಯದೇ ತೊಂದರೆ. ಜಂಪರ್ ಕೇಬಲ್‌ನ ಕೆಂಪು ತುದಿಯನ್ನು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕೆಂಪನ್ನು ಚೆನ್ನಾಗಿರುವ ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಅದರ ಮೈನಸ್‌ಗೆ ಹಾಕಿ. ಉಳಿದ ಕಪ್ಪು ತುದಿಯನ್ನು ಕೆಟ್ಟ ಗಾಡಿಯ ಇಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಿ. ಕೊನೆಯ ತುದಿ ತಾಗುವಾಗ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೆ ಅಷ್ಟು ಕಿಡಿ ಸಾಕು. ಸ್ಟಾರ್ಟ್ ಆಗಿ ಹೊರಡಬಹುದಾದ ಗಾಡಿಯನ್ನು ಎಳೆದು ತರುವುದು ನಮ್ಮ ಲೆಕ್ಕದಲ್ಲಿ ಕೆಲಸವೇ ಅಲ್ಲ.

ಎಳೆಯಲೇಬೇಕಾದರೆ, ಇಂಜಿನ್ನಿನ ಬಲ ಯಾವ ಚಕ್ರಕ್ಕೆ ಹೋಗುತ್ತದೋ ಆ ಚಕ್ರ ನೆಲ ಬಿಟ್ಟಿರಬೇಕು. ಫ್ರಂಟ್ ವೀಲ್ ಡ್ರೈವ್ ಆದರೆ ಮುಂದಿನದನ್ನು ಎತ್ತಿ, ಹ್ಯಾಂಡ್ ಬ್ರೇಕ್ ಬಿಟ್ಟಿದೆಯೇ ನೋಡಿ. ರೇರ್ ವೀಲ್ ಡ್ರೈವ್ ಆದರೆ ಹಿಂದಿನದನ್ನು ಎತ್ತಿ, ಸ್ಟೀರಿಂಗ್ ನೆಟ್ಟಗಿಟ್ಟು ಬೆಲ್ಟಿನಿಂದ ಬಿಗಿಯಿರಿ. ಸ್ಟೀರಿಂಗ್ ಲಾಕ್ ಒಂದನ್ನೇ ನಂಬಬೇಡಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ ಪಂಪ್ ಸಾಮಾನ್ಯವಾಗಿ ಇಂಜಿನ್ ಓಡಿದರಷ್ಟೇ ಓಡುವುದು. ಬಲ ಹೋಗುವ ಚಕ್ರಗಳು ನೆಲದ ಮೇಲೆ ಉರುಳುತ್ತಾ ಹೋದರೆ ಒಳಗೆ ಎಣ್ಣೆಯಿಲ್ಲದೆ ಸವೆಯುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ ಮತ್ತು ಎಲೆಕ್ಟ್ರಿಕ್ ಗಾಡಿಗಳಿಗೆ ಇಡೀ ಗಾಡಿಯನ್ನೇ ಮೇಲೆ ಹೊತ್ತೊಯ್ಯುವ ಚಪ್ಪಟೆ ಹಾಸಿನ ಲಾರಿ, ಅಂದರೆ ಫ್ಲಾಟ್‌ಬೆಡ್ಡೇ ಬೇಕು. ಚಕ್ರ ತಿರುಗಿದರೆ ಎಲೆಕ್ಟ್ರಿಕ್ ಗಾಡಿಯ ಮೋಟಾರು ತಾನೇ ಕರೆಂಟ್ ಹುಟ್ಟಿಸಿ ಒಳಗಿನದನ್ನು ಸುಡಬಲ್ಲದು.

ಕೊಕ್ಕೆಯನ್ನು ಬಂಪರ್‌ಗಾಗಲಿ, ಸ್ಟೀರಿಂಗ್ ರಾಡ್‌ಗಾಗಲಿ, ಸಸ್ಪೆನ್ಷನ್ ಆರ್ಮ್‌ಗಾಗಲಿ ಹಾಕಬೇಡಿ. ಅನೇಕ ಕಾರುಗಳಲ್ಲಿ ಎಳೆಯುವ ಬಳೆ ಸ್ಟೆಪ್ನಿ, ಜಾಕಿಗಳ ಜೊತೆಗೇ ಇರುತ್ತದೆ. ಬಂಪರ್‌ನ ಪುಟ್ಟ ಮುಚ್ಚಳ ತೆಗೆದರೆ ಅದು ಕೂರುವ ತೂತು ಕಾಣುತ್ತದೆ. ಇದರ ಥ್ರೆಡ್ ಎಷ್ಟೋ ಕಾರುಗಳಲ್ಲಿ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಕೂರುತ್ತಿಲ್ಲ ಎಂದು ಬಲವಂತ ಮಾಡಿದರೆ ಥ್ರೆಡ್ ಹಾಳಾಗುತ್ತದೆ. ಕೈಯಲ್ಲೇ ಪೂರ್ತಿ ಒಳಗೆ ಹೋಗಬೇಕು, ಕೊನೆಯ ಬಿಗಿಗೆ ಮಾತ್ರ ವೀಲ್ ಸ್ಪ್ಯಾನರ್.

ಹಳ್ಳಕ್ಕಿಳಿದ ಗಾಡಿಯದು ಬೇರೆಯೇ ಲೆಕ್ಕ. ಚಕ್ರದ ಮಟ್ಟಕ್ಕೆ ಕೆಸರಲ್ಲಿ ಹೂತಿದ್ದರೆ ಗಾಡಿಯ ತೂಕದಷ್ಟೇ ಎಳೆತ ಬೇಕು, ಮಡ್‌ಗಾರ್ಡ್‌ವರೆಗೆ ಹೂತಿದ್ದರೆ ಸುಮಾರು ಎರಡರಷ್ಟು. ಅಂದರೆ 1,200 ಕಿಲೋ ಕಾರಿಗೆ 2,400 ಕಿಲೋ ಎಳೆತ, ಏರು ಇದ್ದರೆ ಇನ್ನೂ ಹೆಚ್ಚು. ವಿಂಚ್ (ಕೇಬಲ್ಲನ್ನು ಡ್ರಮ್ಮಿಗೆ ಸುತ್ತುತ್ತಾ ಎಳೆಯುವ ಯಂತ್ರ) ಮೇಲೆ ಬರೆದಿರುವ ಶಕ್ತಿ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ ಅನ್ವಯ. ಮೇಲೆ ಪದರ ಏರಿದಂತೆ ಎಳೆತ ಇಳಿಯುತ್ತದೆ. ಅದಕ್ಕೇ ರಾಟೆ ಬಳಸಬೇಕು. ಕೇಬಲ್ಲನ್ನು ಹೂತ ಗಾಡಿಗೆ ಕಟ್ಟಿದ ರಾಟೆಯಲ್ಲಿ ಹಾಯಿಸಿ, ತುದಿಯನ್ನು ವಾಪಸ್ ತಂದು ಟೋಯಿಂಗ್ ಗಾಡಿಗೇ ಸಿಕ್ಕಿಸಿ. ಎಳೆತ ಹೆಚ್ಚುಕಡಿಮೆ ದುಪ್ಪಟ್ಟು, ವೇಗ ಅರ್ಧ. ಕೇಬಲ್ ಹೆಚ್ಚು ಬಿಚ್ಚಿಕೊಳ್ಳುವುದರಿಂದ ಕೆಳಪದರದ ಬಲವೂ ಸಿಗುತ್ತದೆ. ಡ್ರಮ್ಮಿನ ಮೇಲೆ ಕನಿಷ್ಠ 5 ಸುತ್ತು ಉಳಿದಿರಲಿ, ಇಲ್ಲದಿದ್ದರೆ ತುದಿ ಕಿತ್ತುಬರುತ್ತದೆ. ಎರಡು ಕಡೆಯಿಂದ ಚೈನ್ ಹಾಕಿ ಎಳೆಯುವಾಗ ಅದರ ಕವಲು ಕಿರಿದಾಗಿರಬೇಕು. 120 ಡಿಗ್ರಿಗೆ ಅಗಲಿಸಿದರೆ ಚೈನಿನ ಒಂದೊಂದು ಕಾಲಿನ ಮೇಲೂ ಪೂರ್ತಿ ಭಾರ ಬೀಳುತ್ತದೆ.

ಇಳಿದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ. ಚಕ್ರ ಕೊರೆದ ಜಾಡು ಆಗಲೇ ಇದೆ, ಪ್ರತಿರೋಧ ಕಡಿಮೆ. ಚಕ್ರದ ಹಿಂದಿನ ಕೆಸರನ್ನು ಹಾರೆಯಿಂದ ಕೆದಕಿ ತೆಗೆದರೆ ಇನ್ನೂ ಹಗುರ. ಕೈಗೆ ಗ್ಲೌಸ್ ಹಾಕಿ, ಹಳೆ ಹತ್ತಿಬಟ್ಟೆಯಿಂದ ಕೇಬಲ್ ಸವರಿ ನೋಡಿ. ತುಂಡಾದ ಎಳೆ ಇದ್ದರೆ ಬಟ್ಟೆಗೆ ಚುಚ್ಚಿ ಹಿಡಿದುಕೊಳ್ಳುತ್ತದೆ. ಅಂಥ ಜಾಗ, ಹಿಸುಕಿದ ಜಾಗ, ಗಂಟು ಬಿದ್ದು ಮಡಚಿದ ಜಾಗ ಕಂಡರೆ ಆ ಕೇಬಲ್‌ನಲ್ಲಿ ಎಳೆಯಬೇಡಿ. ಎಳೆಯುವ ಕೇಬಲ್ಲಿನ ನಡುವೆ ಒದ್ದೆ ಗೋಣಿ ಹೊದಿಸಿ, ಹರಿದರೂ ಕೇಬಲ್ ಅಷ್ಟು ದೂರ ಬೀಸುವುದಿಲ್ಲ. ಬಿಗಿದ ಕೇಬಲ್ಲನ್ನು ಯಾರೂ ದಾಟಕೂಡದು. ನೋಡಲು ಬಂದವರನ್ನು ಕೇಬಲ್ ಉದ್ದಕ್ಕಿಂತ ಆಚೆಗೆ ಕಳಿಸಿ, ಕೇಳದಿದ್ದರೆ ವಿಂಚ್ ನಿಲ್ಲಿಸಿಯೇ ಕಾಯಿರಿ.

ಫ್ಲಾಟ್‌ಬೆಡ್ ಮೇಲೆ ಏರಿಸಿದ ಮೇಲೆ ನಾಲ್ಕೂ ಟಯರ್‌ಗೆ ಬೆಲ್ಟ್ ಹಾಕಿ, ವಿಂಚ್ ಒಂದರ ಮೇಲೆ ಬಿಡಬೇಡಿ. ಚಕ್ರ ಎತ್ತಿ ಎಳೆಯುವುದಾದರೆ ಸೇಫ್ಟಿ ಚೈನ್ ಎರಡನ್ನೂ ಕತ್ತರಿಯಂತೆ ಅಡ್ಡಹಾಯಿಸಿ, ಹಿಂದೆ ಲೈಟ್ ಕಟ್ಟಿ. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ಟಯರು, ಸಸ್ಪೆನ್ಷನ್ ಕೂತಂತೆ ಬೆಲ್ಟ್ ಸಡಿಲವಾಗಿಯೇ ಇರುತ್ತದೆ. ಇಳಿಸುವಾಗ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ವಿಂಚ್ ಬಿಗಿ, ಬೆಲ್ಟ್ ಬಿಚ್ಚುವುದು ಕೊನೆಗೆ. ಇಂಜಿನ್ ಓಡದ ಗಾಡಿಯ ಬ್ರೇಕ್ ಪೆಡಲ್ ಎರಡು ಮೂರು ಒತ್ತಿಗೆ ಕಲ್ಲಿನಂತಾಗುತ್ತದೆ. ಒಳಗೆ ಕೂತವರು ಒತ್ತಿ ನಿಲ್ಲಿಸುತ್ತಾರೆಂದು ನಂಬದೆ, ಗಾಡಿ ನೆಲ ಮುಟ್ಟಿ ಚಕ್ರಕ್ಕೆ ಅಡ್ಡಗಲ್ಲು ಬೀಳುವವರೆಗೂ ಕೇಬಲ್ ಬಿಚ್ಚಬೇಡಿ.