ಹೈವ್‌ನಲ್ಲಿ ವೋಟು ಹಾಕುವ ಮುನ್ನ

ಹೈವ್ ಅಂದರೆ ಓದುಗರ ವೋಟಿನಿಂದ ಬರೆದವರಿಗೆ ಹಣ ಸಿಗುವ ಜಾಲತಾಣ. ಅಲ್ಲಿ ಸೇರಿದ ಹೊಸತರಲ್ಲಿ ಕಂಡ ಪೋಸ್ಟಿಗೆಲ್ಲ ವೋಟು ಒತ್ತಿದೆ. ಒಂದೇ ದಿನಕ್ಕೆ ಸುಮಾರು 35! ಸಂಜೆ ನಿಜಕ್ಕೂ ಒಳ್ಳೆಯ ಬರಹ ಸಿಕ್ಕಾಗ ನನ್ನ ವೋಟಿನ ಬಲ ಅರ್ಧಕ್ಕೆ ಇಳಿದಿತ್ತು. ತುಂಬಾ ಬೇಜಾರಾಯಿತು.

ಲೆಕ್ಕ ಹೀಗಿದೆ. ಪೂರ್ತಿ ತೂಕದ ಒಂದು ವೋಟು ಉಳಿದಿರುವ ಬಲದಲ್ಲಿ ಸುಮಾರು ಶೇ. 2ರಷ್ಟನ್ನು ತಿನ್ನುತ್ತದೆ. ದಿನಕ್ಕೆ ಶೇ. 20ರಷ್ಟು ಮತ್ತೆ ತುಂಬುತ್ತದೆ. ಅಂದರೆ ದಿನಕ್ಕೆ ಹತ್ತು ವೋಟು ಸಾಕು. ಜಾಸ್ತಿ ಜನರನ್ನು ಮೆಚ್ಚಬೇಕಾ? ಒಂದು ವೋಟಿಗೆ ಎಷ್ಟು ತೂಕ ಕೊಡಬೇಕೆಂದು ಆರಿಸುವ ಸ್ಲೈಡರ್ ಇದ್ದರೆ ತೂಕ ಇಳಿಸಿ ಹಂಚಿ. ಆದರೆ ಬಲ ಶೇ. 100 ತಲುಪಿದ ಮೇಲೆ ಸುಮ್ನೆ ಬಿಡಬೇಡಿ, ಮುಂದೆ ತುಂಬುವುದಿಲ್ಲ.

ಪೋಸ್ಟಿಗೆ 7 ದಿನ ದಾಟಿದರೆ ನಿಮ್ಮ ವೋಟಿನಿಂದ ಬರೆದವರಿಗೆ ಹಣ ಸಿಗುವುದಿಲ್ಲ. ಹಾಗಾಗಿ ತಾರೀಖು ನೋಡಿ. ಓದದೆ ಮಾತ್ರ ಒತ್ತಬೇಡಿ, ದಯವಿಟ್ಟು.