ಅರಬೈಲು ಘಟ್ಟದಲ್ಲಿ ಉಸಿರುಗಟ್ಟಿದ ಕಾರು

ಕಾರವಾರದಿಂದ ಯಲ್ಲಾಪುರಕ್ಕೆ ತಿಂಗಳಿಗೆರಡು ಸಲ ಹೋಗಿಬರುತ್ತೇನೆ. ಹನ್ನೆರಡು ವರ್ಷದ ನನ್ನ 1.2 ಲೀಟರ್ ಪೆಟ್ರೋಲ್ ಕಾರು ಕಳೆದ ಮಳೆಗಾಲದಿಂದ ಅರಬೈಲು ಘಟ್ಟದಲ್ಲಿ ಏದುಸಿರು ಬಿಡತೊಡಗಿತು. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವುಗಳಲ್ಲಿ ಈಗ ಎರಡನೆಯದೂ ಸಾಲದು. ಹೊಗೆ ಹೊರಹೋಗುವ ಪೈಪನ್ನು ದಪ್ಪದ್ದು ಹಾಕಿಸಿದರೆ ಪಿಕಪ್ ಬಂದೀತು ಎಂದುಕೊಂಡೆ.

ಮೊದಲ ಗ್ಯಾರೇಜಿನವರು, "ಕನ್ವರ್ಟರ್ ಕಿತ್ತು ಬರೀ ಪೈಪು ಹಾಕೋಣ ಸಾರ್, ಬಿಚ್ಚುವ ಕೂಲಿ ಬೇಡ" ಎಂದರು. ಕನ್ವರ್ಟರ್ ಎಂದರೆ ಪೈಪಿನ ನಡುವೆ ಕೂತು ಹೊಗೆಯ ವಿಷಾನಿಲ ಕಡಿಮೆ ಮಾಡುವ ಡಬ್ಬಿ; ಅದಿಲ್ಲದ ಗಾಡಿ ಹೊಗೆ ತಪಾಸಣೆಯಲ್ಲಿ ಪಾಸಾಗುವುದು ಹೇಗೆ? ಬೇಡವೆಂದು ಎದ್ದು ಬಂದೆ.

ಪರಿಚಯದ ಮೇಸ್ತ್ರಿ ಮೊದಲು ಅಳೆಯೋಣ ಎಂದರು. ಕನ್ವರ್ಟರಿಗೆ ಮೊದಲು ಸಿಗುವ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸಾಧನ) ಬಿಚ್ಚಿ ಆ ತೂತಿಗೆ ಒತ್ತಡದ ಗೇಜು ಕೂರಿಸಿದರು. ಎಂಜಿನ್ 2500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುವಾಗ 3 ಪಿಎಸ್‌ಐ (ಒತ್ತಡದ ಅಳತೆ) ಒಳಗಿರಬೇಕಾದ ಮುಳ್ಳು 6 ದಾಟಿತು. ಅಂದರೆ ಹೊಗೆಗೆ ಹೊರಹೋಗಲು ದಾರಿಯೇ ಇಲ್ಲ.

ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಕಡಲ ಉಪ್ಪುಗಾಳಿಗೆ ನಟ್ಟುಗಳು ತುಕ್ಕು ಹಿಡಿದು ಬೋಲ್ಟಿನೊಂದಿಗೆ ಒಂದಾಗಿದ್ದವು. ಇಡೀ ರಾತ್ರಿ ಎಣ್ಣೆ ಕುಡಿಸಿಟ್ಟರೂ ಒಂದು ಸ್ಟಡ್ ಮುರಿದೇಹೋಯಿತು. ಅದನ್ನು ಕೊರೆದು ತೆಗೆಯಲು ಅರ್ಧ ದಿನ. ಕೊನೆಗೆ ಹೊರಬಂದ ಕನ್ವರ್ಟರಿನ ಒಂದು ತುದಿಯಿಂದ ಟಾರ್ಚ್ ಹಿಡಿದರೆ ಇನ್ನೊಂದು ತುದಿಯಲ್ಲಿ ಬೆಳಕಿಲ್ಲ. ಜೇನುಗೂಡಿನಂಥ ಸೆರಾಮಿಕ್ ಜಾಲರಿ ನಡುವಿನಲ್ಲಿ ಕರಗಿ, ತಳ ಹಿಡಿದ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು.

ಕರಗಿಸಿದ್ದು ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಒಂದು ಇಗ್ನಿಷನ್ ಕಾಯಿಲ್. ಕಿಡಿ ಸರಿಯಾಗಿ ಬೀಳದ ಸಿಲಿಂಡರಿನಿಂದ ಉರಿಯದ ಪೆಟ್ರೋಲ್ ಬಂದು ಕನ್ವರ್ಟರಿನೊಳಗೇ ಉರಿದಿತ್ತು. ಹಾಗಾಗಿ ಮೊದಲು ಕಾಯಿಲ್, ನಾಲ್ಕು ಪ್ಲಗ್ ಬದಲಾಯಿಸಿದೆವು. ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

ಹೊಸ ಕನ್ವರ್ಟರ್ ಲೋಹದ ಜಾಲರಿಯದು: ಚದರ ಇಂಚಿಗೆ 200 ರಂಧ್ರ. ಹಳೆಯದರಲ್ಲಿ 400 ಇದ್ದವು. ರಂಧ್ರ ದೊಡ್ಡದಾದಷ್ಟೂ ತಡೆ ಕಡಿಮೆ, ಆದರೆ ಹೊಗೆ ಶುದ್ಧಿಗೊಳಿಸುವ ಮೇಲ್ಮೈಯೂ ಕಡಿಮೆ; ಇನ್ನೂ ಅಗಲ ರಂಧ್ರದ್ದು ಬೇಡವೆಂದೆ. ಎರಡೂವರೆ ಇಂಚಿನ ಪೈಪಿನ ಆಸೆಯನ್ನೂ ಬಿಟ್ಟೆ. ಸಣ್ಣ ಎಂಜಿನ್ನಿಗೆ ಅಷ್ಟು ಅಗಲದ ಪೈಪಿನಲ್ಲಿ ಹೊಗೆಯ ವೇಗ ತಗ್ಗಿ, ಕಡಿಮೆ ಆರ್‌ಪಿಎಂನ ಎಳೆತವೇ ಸೊರಗುತ್ತದೆ. ಘಟ್ಟದಲ್ಲಿ ಬೇಕಾದದ್ದೇ ಅದು. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಎರಡು ಇಂಚಿನ ಪೈಪು ಸಾಕಾಯಿತು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಬಿಚ್ಚಿಟ್ಟೆವು. ಎರಡೂ ಸೆನ್ಸರ್‌ಗಳು ಮೊದಲಿದ್ದ ಜಾಗದಲ್ಲೇ ಕೂತವು. ಸದ್ದು ತಗ್ಗಿಸುವ ಮಫ್ಲರ್ ಹಳೆಯದೇ, ಬೀದಿಯವರ ನಿದ್ದೆ ಕೆಡಿಸುವ ಸದ್ದು ನನಗೆ ಬೇಕಿರಲಿಲ್ಲ.

ಈಗ ಗೇಜು 2 ಪಿಎಸ್‌ಐ ತೋರಿಸುತ್ತದೆ, ಅರಬೈಲು ಮತ್ತೆ ಮೂರನೇ ಗೇರಿಗೆ ಬಂದಿದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಬಿಎಸ್ 4 (ಭಾರತ್ ಸ್ಟೇಜ್ 4 ಹೊಗೆ ಮಾನದಂಡ) ಗಾಡಿಗಳ ಮಿತಿಯಾದ ಶೇ 0.3ರ ಒಳಗಿದೆ. ಆದರೆ ಬಂದ ಬಲದಲ್ಲಿ ಮುಕ್ಕಾಲು ಪಾಲು ಹೊಗೆಯ ದಾರಿ ಕಟ್ಟಿಕೊಂಡದ್ದು ಬಿಟ್ಟಿದ್ದರಿಂದಲೇ ಬಂತು. ಕಂಪನಿಯ ಮಾಮೂಲಿ ಕನ್ವರ್ಟರ್ ಹಾಕಿಸಿದ್ದರೂ ಅಷ್ಟು ಬರುತ್ತಿತ್ತು.

ಕರಗಿದ ಹಳೆಯ ಕನ್ವರ್ಟರನ್ನು ಗುಜರಿಯವನಿಗೆ ತೋರಿಸಿದೆ. ಒಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಕ್ಕೆಂದು ಆತ ಹೇಳಿದ ಬೆಲೆ ಕೇಳಿದ ಮೇಲೆ, ಮೊದಲ ಗ್ಯಾರೇಜಿನವರು ಕೂಲಿ ಬೇಡವೆಂದದ್ದು ಯಾಕೆಂದು ಹೊಳೆಯಿತು.