ಬಿಸಿಲ ನಾಡಿನಲ್ಲಿ ಕಟ್ಟಿಗೆಗೆ ವಾರ್ನಿಷ್ ಹಚ್ಚುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ವಾರ್ನಿಷ್ ಹಚ್ಚುವವರು ಡಬ್ಬಿಯ ಮೇಲಿನ ಸೂಚನೆಯ ಜೊತೆಗೆ ಇಲ್ಲಿನ ಬಿಸಿಲನ್ನೂ ಧೂಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಮ್ಮೆ ಮೇ ತಿಂಗಳ ಮಧ್ಯಾಹ್ನ, ತಾಪಮಾನ 40 ಡಿಗ್ರಿ ದಾಟಿದ್ದಾಗ, ತೇಗದ ತೂಗುಮಣೆಯೊಂದಕ್ಕೆ ಅಂಗಳದಲ್ಲಿಯೇ ವಾರ್ನಿಷ್ ಹಚ್ಚಿದೆ. ಬ್ರಷ್ಷಿನ ಗೆರೆಗಳು ಸಮವಾಗುವ ಮೊದಲೇ ಮೇಲ್ಭಾಗ ಕೆನೆಗಟ್ಟಿತು, ಅಡಿಯಿಂದ ಎದ್ದ ಸಾಸಿವೆಯಷ್ಟು ಗುಳ್ಳೆಗಳು ಹಾಗೆಯೇ ಗಟ್ಟಿಯಾದವು, ಸಂಜೆಯ ಗಾಳಿಗೆ ಕೆಂಪು ಧೂಳು ಅಂಟಿತು. ಅದನ್ನೆಲ್ಲ ಉಜ್ಜಿ ತೆಗೆಯಲು ಎರಡು ದಿನ ಹಿಡಿಯಿತು.

ಸಾಮಾನು ಎಲ್ಲಿರುತ್ತದೆ ಎಂಬುದರ ಮೇಲೆ ವಾರ್ನಿಷ್ ಆರಿಸಬೇಕು. ಬಿಸಿಲು ಬೀಳುವ ತಲೆಬಾಗಿಲಿಗೆ, ಕಿಟಕಿಗೆ ಹೊರಾಂಗಣಕ್ಕೆಂದೇ ತಯಾರಿಸಿದ ವಾರ್ನಿಷ್ ಬೇಕು. ಒಳಮನೆಯ ಗಡಸು ವಾರ್ನಿಷ್ ಕಟ್ಟಿಗೆ ಹಿಗ್ಗಿ ಕುಗ್ಗಿದಂತೆ ಬಿರುಕು ಬಿಟ್ಟು ಹೊಟ್ಟಿನಂತೆ ಏಳುತ್ತದೆ. ಊಟದ ಮೇಜಿಗೆ ಪಾಲಿಯುರೆಥೇನ್ ಎಂಬ ಗಟ್ಟಿ ಪದರದ ವಾರ್ನಿಷ್ ಒಳ್ಳೆಯದು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಕಟ್ಟಿಗೆಗೆ ಕೊಡುವ ಜೇನುಬಣ್ಣ ನನಗೆ ಬಹಳ ಇಷ್ಟವಾದರೂ, ಬಿಸಿ ಚಹಾದ ಲೋಟ ಇಟ್ಟಲ್ಲಿ ಬಿಳಿ ವೃತ್ತ ಮೂಡುವುದರಿಂದ ಅದು ಫೋಟೋ ಚೌಕಟ್ಟಿಗೆ, ದೇವರ ಮಂಟಪಕ್ಕೆ ಸರಿ. ಕಿನ್ನಾಳದ ಗೊಂಬೆಗಳಂತೆ ಬಣ್ಣ ತುಂಬಿದ ಕಲಾಕೃತಿಗಳಿಗೆ, ಎಣ್ಣೆಯ ವಾರ್ನಿಷ್ ಕ್ರಮೇಣ ಹಳದಿಗೆ ತಿರುಗುವುದರಿಂದ, ನೀರಿನ ಮೂಲದ್ದೇ ಮೇಲು. ಆದರೆ ಒಳಗಿನ ಬಣ್ಣ ನೀರಿಗೆ ಕರಗುವಂಥದ್ದಾದರೆ ಬ್ರಷ್ ಎಳೆದಲ್ಲೆಲ್ಲ ಕಣ್ಣು, ಮೀಸೆಗಳು ಕದಡಿ ಹೋಗುತ್ತವೆ. ಆದ್ದರಿಂದ ಗೊಂಬೆಯ ತಳದಲ್ಲಿ ಒದ್ದೆ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಹಚ್ಚುವ ಮುನ್ನ 120, 180, 220 ನಂಬರಿನ ಉಜ್ಜುಕಾಗದದಿಂದ ಅದೇ ಕ್ರಮದಲ್ಲಿ, ಕಟ್ಟಿಗೆಯ ಎಳೆ ಸಾಗುವ ದಿಕ್ಕಿನಲ್ಲಿಯೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಬರಿಗಣ್ಣಿಗೆ ಕಾಣದಿದ್ದರೂ ವಾರ್ನಿಷ್ ಬಿದ್ದೊಡನೆ ಎದ್ದು ಕಾಣುತ್ತದೆ. ತೇಗದಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿರುವುದರಿಂದ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ ಆರಲು ಬಿಡಬೇಕು.

ಬೇಸಿಗೆಯಲ್ಲಿ ಬೆಳಿಗ್ಗೆ ಬಿಸಿಲೇರುವ ಮೊದಲು, ನೆರಳಿನ ಕೋಣೆಯಲ್ಲಿ ಕೆಲಸ ಹಿಡಿಯುವುದು ಉತ್ತಮ. ಅದಿರಿನ ಲಾರಿಗಳು ಓಡಾಡುವ ಸಂಡೂರಿನಂಥ ಕಡೆ ರಸ್ತೆಯ ಬದಿಯ ಕಿಟಕಿ ಮುಚ್ಚಿ, ಗಾಳಿ ಆಡಲು ಹಿಂದಿನ ಬಾಗಿಲು ತೆರೆದಿಟ್ಟು, ನೆಲಕ್ಕೆ ನೀರು ಚಿಮುಕಿಸಬೇಕು. ಡಬ್ಬಿಯನ್ನು ಕುಲುಕಿದರೆ ಗುಳ್ಳೆ ಏಳುವುದರಿಂದ ಕಡ್ಡಿಯಿಂದ ನಿಧಾನವಾಗಿ ಕಲಕಿ, ಬೇಕಾದಷ್ಟನ್ನು ಮಾತ್ರ ಬೇರೆ ಬಟ್ಟಲಿಗೆ ಸುರಿದುಕೊಳ್ಳಬೇಕು. ಎಣ್ಣೆಯ ವಾರ್ನಿಷ್ ಆದರೆ ಮೊದಲ ಪದರಕ್ಕೆ ಹತ್ತು ಭಾಗಕ್ಕೆ ಒಂದು ಭಾಗ ಟರ್ಪೆಂಟೈನ್ ಬೆರೆಸಿದಾಗ ಅದು ಕಟ್ಟಿಗೆಯೊಳಗೆ ಚೆನ್ನಾಗಿ ಇಳಿಯುತ್ತದೆ. ಬ್ರಷ್ಷಿನ ಕೂದಲನ್ನು ಮೂರನೇ ಒಂದು ಭಾಗ ಅದ್ದಿ, ಆಗಲೇ ಹಚ್ಚಿದ ಭಾಗದ ಹಸಿ ಅಂಚಿಗೆ ಕೂಡಿಸುತ್ತ ಉದ್ದಕ್ಕೆ ಎಳೆದು, ಕೊನೆಗೆ ತುದಿಯಿಂದ ಮಾತ್ರ ಸವರಿ ಬಿಟ್ಟುಬಿಡಬೇಕು. ಆರತೊಡಗಿದ ಜಾಗಕ್ಕೆ ಬ್ರಷ್ ಮತ್ತೆ ಹೋಗಕೂಡದು.

ಮರುದಿನ 320 ನಂಬರಿನ ಕಾಗದದಿಂದ ಒಂದು ಮೂಲೆ ಹಗುರವಾಗಿ ಉಜ್ಜಿ ನೋಡಬೇಕು: ಹಿಟ್ಟಿನಂತೆ ಬಿಳಿಪುಡಿ ಉದುರಿದರೆ ಪದರ ಆರಿದೆ, ಕಾಗದಕ್ಕೆ ಅಂಟಿಕೊಂಡು ಗಂಟಾದರೆ ಇನ್ನೂ ಕಾಯಬೇಕು. ಒಳಮನೆಯ ಸಾಮಾನಿಗೆ ಮೂರು ಕೋಟು ಸಾಕು, ತಲೆಬಾಗಿಲಿಗೆ ಇನ್ನೊಂದೆರಡು ಹೆಚ್ಚು ಬೇಕು. ಮುಟ್ಟಿದರೆ ಆರಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಹಿಡಿಯುವುದರಿಂದ ಅಲ್ಲಿಯವರೆಗೆ ಮೇಜಿನ ಮೇಲೆ ಬಿಸಿ ಪಾತ್ರೆ ಇಡಬಾರದು.

ಎಣ್ಣೆಯ ವಾರ್ನಿಷ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಆರುವಾಗ ಹುಟ್ಟುವ ಕಾವಿನಿಂದಲೇ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಅದನ್ನು ನೀರಿನಲ್ಲಿ ಅದ್ದಬೇಕು, ಇಲ್ಲವೇ ಹೊರಗೆ ಒಂದೊಂದಾಗಿ ಹರವಿ ಒಣಗಿಸಬೇಕು.